ಧವಳದ ಮುದ್ರಣ: ಅಂದಾಜುಪಟ್ಟಿಯಲ್ಲಿ ಕಾಣದ ಒಂದು ಬಾಬ್ತು

ಹಳೆಯ ಕಾಲದ ಲಿಪಿಕಾರರಿಗೆ ‘ಗ್ರಂಥ’ ಎಂಬುದು ಪುಸ್ತಕದ ಹೆಸರು ಮಾತ್ರವಾಗಿರಲಿಲ್ಲ. ಅದು ಅಳತೆಯ ಹೆಸರೂ ಆಗಿತ್ತು. ಅನುಷ್ಟುಪ್ ಶ್ಲೋಕವೊಂದರ ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥ ಎಂದು ಲೆಕ್ಕ. ಕೃತಿ ಗದ್ಯವಾಗಿರಲಿ ಪದ್ಯವಾಗಿರಲಿ, ಅದರ ಅಕ್ಷರಗಳನ್ನು ಮೂವತ್ತೆರಡರಿಂದ ಭಾಗಿಸಿ ಬಂದ ಮೊತ್ತವೇ ಅದರ ಗ್ರಂಥಪ್ರಮಾಣ. ಹಸ್ತಪ್ರತಿಗಳ ಕೊನೆಯಲ್ಲಿ ಈ ಸಂಖ್ಯೆಯನ್ನು ನಮೂದಿಸುವುದಕ್ಕೆ ಎರಡು ಪ್ರಯೋಜನಗಳಿದ್ದವು. ಪ್ರತಿಯಲ್ಲಿ ಏನೂ ಬಿಟ್ಟುಹೋಗಿಲ್ಲವೆಂದು ಪರೀಕ್ಷಿಸಲು ಅದು ನೆರವಾಗುತ್ತಿತ್ತು. ಬರೆದವನಿಗೆ ಸಲ್ಲಬೇಕಾದ ಸಂಭಾವನೆಯನ್ನು ಗೊತ್ತುಮಾಡಲೂ ಅದೇ ಆಧಾರವಾಗುತ್ತಿತ್ತು. ಅಂದರೆ ಪಾಠಶುದ್ಧಿಯ ಅಳತೆಯೂ ಖರ್ಚಿನ ಅಳತೆಯೂ ಒಂದೇ ಆಗಿತ್ತು. ಇವೆರಡೂ ಮುಂದೆ ಹೇಗೆ ಬೇರ್ಪಟ್ಟವು, ಬೇರ್ಪಟ್ಟಾಗ ಏನಾಯಿತು ಎಂಬುದಕ್ಕೆ ದಿಗಂಬರ ಜೈನರ ಸಿದ್ಧಾಂತಗ್ರಂಥಗಳ ಮುದ್ರಣದ ಇತಿಹಾಸ ಒಳ್ಳೆಯ ನಿದರ್ಶನ.

ಧವಳ, ಜಯಧವಳ, ಮಹಾಧವಳ ಎಂದು ಪ್ರಸಿದ್ಧವಾಗಿರುವ ಈ ಮೂರು ಗ್ರಂಥಗಳ ಪರಿಚಯ ಸಾಹಿತ್ಯ ವಿದ್ಯಾರ್ಥಿಗಳಿಗೆ ಇದ್ದೇ ಇರುತ್ತದೆ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಆಗಮಜ್ಞಾನವನ್ನು ಪಡೆದ ಪುಷ್ಪದಂತ ಮತ್ತು ಭೂತಬಲಿಗಳು ಷಟ್ಖಂಡಾಗಮವನ್ನು ಸೂತ್ರರೂಪದಲ್ಲಿ ರಚಿಸಿದರು. ಅದು ಲಿಪಿಗಿಳಿದ ನೆನಪಿಗಾಗಿಯೇ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿ ಎಂದು ಆಚರಿಸಲಾಗುತ್ತದೆ. ಅದರ ಮೊದಲ ಐದು ಖಂಡಗಳಿಗೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನ ಧವಳ. ಅದು 816ರಲ್ಲಿ ಮುಗಿಯಿತೆಂದು ವಿದ್ವಾಂಸರು ಗಣಿಸಿದ್ದಾರೆ. ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ವೀರಸೇನರು ಆರಂಭಿಸಿ, ಅವರ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ ವ್ಯಾಖ್ಯಾನ ಜಯಧವಳ. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವೇ ಮಹಾಧವಳವೆಂಬ ಹೆಸರಿನಿಂದ ರೂಢಿಯಲ್ಲಿದೆ.

ಪರಂಪರೆಯ ಲೆಕ್ಕದಂತೆ ಧವಳದ ಪ್ರಮಾಣ 72,000 ಗ್ರಂಥ, ಜಯಧವಳದ್ದು 60,000. ಮಹಾಬಂಧವನ್ನು 30,000 ಎಂದೂ 40,000 ಎಂದೂ ಹೇಳುವುದುಂಟು. ಧವಳವೊಂದನ್ನೇ ಅಕ್ಷರಗಳಿಗೆ ಇಳಿಸಿದರೆ 23,04,000 ಆಗುತ್ತದೆ. ಜಯಧವಳವನ್ನೂ ಸೇರಿಸಿದರೆ ಅಕ್ಷರಗಳ ಸಂಖ್ಯೆ ನಲವತ್ತೆರಡು ಲಕ್ಷವನ್ನು ಮೀರುತ್ತದೆ. ಲಿಪಿಕಾರನೊಬ್ಬ ದಿನವೊಂದಕ್ಕೆ ಐವತ್ತು ಗ್ರಂಥಗಳನ್ನು ತಪ್ಪದೆ ಬರೆಯುತ್ತಾನೆಂದು ಭಾವಿಸಿದರೂ ಈ ಎರಡನ್ನು ಒಮ್ಮೆ ಪ್ರತಿಮಾಡಲು 2,640 ದಿನಗಳು, ಎಂದರೆ ಬಿಡುವಿಲ್ಲದ ಏಳು ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ಈ ಸಂಖ್ಯೆಗಳನ್ನು ಗಮನದಲ್ಲಿಟ್ಟುಕೊಂಡರೆ ಮಾತ್ರ ಮುಂದಿನ ಸಂಗತಿಗಳ ಭಾರ ಅರಿವಾಗುತ್ತದೆ.

ಶ್ರುತದಾನವೆಂಬ ಆರ್ಥಿಕ ವ್ಯವಸ್ಥೆ

ಇಷ್ಟು ದೊಡ್ಡ ಗ್ರಂಥಗಳನ್ನು ಬರೆಯಿಸುವ ವೆಚ್ಚವನ್ನು ಹಿಂದೆ ಯಾರು ಭರಿಸುತ್ತಿದ್ದರು? ಉತ್ತರ ಮೂಡಬಿದಿರೆಯ ಓಲೆಗರಿಗಳಲ್ಲೇ ಇದೆ. ಧವಳದ ಪ್ರತಿಯಲ್ಲಿರುವ ಪ್ರಶಸ್ತಿಯ ಪ್ರಕಾರ ಗಂಗ ಪೆರ್ಮಾಡಿಯ ಬಂಧುವಾದ ದೇಮಿಯಕ್ಕ ಎಂಬ ಶ್ರಾವಿಕೆ ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಶುಭಚಂದ್ರರು 1123ರಲ್ಲಿ ಸಮಾಧಿಮರಣವನ್ನು ಪಡೆದರೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುವುದರಿಂದ ಆ ದಾನ ಅದಕ್ಕೂ ಹಿಂದಿನದು. ಮಹಾಬಂಧದ ಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ ಪಂಚಮೀ ನೋಂಪಿಯ ಉದ್ಯಾಪನೆಯ ಅಂಗವಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ಗ್ರಂಥಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ, ದಾನಿಗಳನ್ನು ಹೊಗಳುವ ಪ್ರಶಸ್ತಿಗಳಲ್ಲಿ ಕನ್ನಡ ಪದ್ಯಗಳೂ ಸೇರಿವೆ.

ಇದಕ್ಕೂ ಹಿಂದೆ, ಹತ್ತನೆಯ ಶತಮಾನದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಅದನ್ನು ದಾನದ ಔದಾರ್ಯವೆಂದು ಮಾತ್ರ ಹೊಗಳಿ ಸುಮ್ಮನಾಗುವುದು ವಾಡಿಕೆ. ಆದರೆ ಸಾವಿರ ಪ್ರತಿಗಳೆಂದರೆ ಗರಿಗಳನ್ನು ಆರಿಸಿ ಹದಗೊಳಿಸುವವರು, ಬರೆಯುವವರು, ಬರೆದದ್ದನ್ನು ಓದಿ ತಿದ್ದುವವರು, ಕಟ್ಟುವವರು, ಊರೂರಿಗೆ ಮುಟ್ಟಿಸುವವರು ಇಷ್ಟೂ ಜನರಿಗೆ ದೀರ್ಘಕಾಲ ಅನ್ನ ವಸ್ತ್ರಗಳ ಏರ್ಪಾಡು ಆಗಿರಬೇಕು. ಯೋಜನೆಯಿಲ್ಲದೆ ಅದು ನಡೆಯುವ ಕೆಲಸವಲ್ಲ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ನಡೆದ ಪ್ರಕಟಣೆಯೆಂದೇ ಅದನ್ನು ಕರೆಯಬೇಕು.

ಶಾಸ್ತ್ರದಾನದ ಈ ವ್ಯವಸ್ಥೆಗೆ ಒಂದು ವಿಶೇಷ ಲಕ್ಷಣವಿತ್ತು. ದಾನಿ ಹಣವನ್ನು ಕೊಡುತ್ತಿರಲಿಲ್ಲ, ಗ್ರಂಥವನ್ನು ಕೊಡುತ್ತಿದ್ದಳು. ಅದನ್ನು ಸ್ವೀಕರಿಸುತ್ತಿದ್ದವರು ಆ ಶಾಸ್ತ್ರವನ್ನು ಅರಗಿಸಿಕೊಂಡ ಮುನಿಗಳು. ತಪ್ಪು ತುಂಬಿದ ಪ್ರತಿಯನ್ನು ಸಿದ್ಧಾಂತದೇವರಿಗೆ ಒಪ್ಪಿಸಿ ನೋಂಪಿಯ ಫಲವನ್ನು ನಿರೀಕ್ಷಿಸುವುದು ಹೇಗೆ? ಆದ್ದರಿಂದ ಪಾಠಶುದ್ಧಿ ದಾನದ ಒಳಗೇ ಸೇರಿತ್ತು. ಅದಕ್ಕೆ ಪ್ರತ್ಯೇಕ ಬಾಬ್ತು ಬೇಕಿರಲಿಲ್ಲ.

ಇಪ್ಪತ್ತಾರು ವರ್ಷಗಳ ನಕಲು

ಕಾಲಾಂತರದಲ್ಲಿ ಈ ಗ್ರಂಥಗಳ ಅಧ್ಯಯನ ನಿಂತುಹೋಗಿ ಅವು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದರ್ಶನದ ವಸ್ತುಗಳಾದವು. ಯಾತ್ರಿಕರು ಬಂದು ಕಟ್ಟನ್ನು ನೋಡಿ, ನಮಸ್ಕರಿಸಿ, ಕಾಣಿಕೆಯನ್ನಿಟ್ಟು ಹೋಗುತ್ತಿದ್ದರು. ಓದಬಲ್ಲವರು ವಿರಳರಾಗಿದ್ದರು. 1880ರ ದಶಕದಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದ್ ಅವರು ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ಚಿಂತೆಗೊಳಗಾದರು. ಅವರು ಅದನ್ನು ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರಿಗೆ ತಿಳಿಸಿದರು. ಹೀರಾಚಂದರು ಹಳೆಯ ಲಿಪಿಯನ್ನು ಓದಬಲ್ಲ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಮೂಡಬಿದಿರೆಗೆ ಹೋದರು. ಪ್ರತಿಮಾಡಿಸಬೇಕೆಂಬ ಸಂಕಲ್ಪ ಮೂಡಿದ್ದು ಹೀಗೆ.

ಸಂಕಲ್ಪಕ್ಕೂ ಕಾರ್ಯಕ್ಕೂ ನಡುವೆ ಹತ್ತು ವರ್ಷಗಳಿಗೂ ಹೆಚ್ಚಿನ ಅಂತರವಾಯಿತು. ಸಮಾಜದಿಂದ ವಂತಿಗೆಯನ್ನು ಎತ್ತಬೇಕು. ಬಸದಿಯ ಆಡಳಿತದವರ ಒಪ್ಪಿಗೆಯನ್ನು ಪಡೆಯಬೇಕು. ಲಿಪಿಯನ್ನೂ ವಿಷಯವನ್ನೂ ಬಲ್ಲವರು ಮನೆಮಠಗಳನ್ನು ಬಿಟ್ಟು ವರ್ಷಗಟ್ಟಲೆ ಮೂಡಬಿದಿರೆಯಲ್ಲಿ ಉಳಿಯಲು ಸಿದ್ಧರಿರಬೇಕು. ಈ ಮೂರರಲ್ಲಿ ಹಣವನ್ನು ಕೂಡಿಸುವುದೇ ಸುಲಭದ್ದಾಗಿತ್ತು ಎಂದರೆ ಅತಿಶಯವಲ್ಲ.

1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜದ ಗಜಪತಿ ಉಪಾಧ್ಯಾಯರೂ ಕೆಲಸವನ್ನು ಆರಂಭಿಸಿದರು. ಕೆಲಸದ ನಡುವೆಯೇ ಬ್ರಹ್ಮಸೂರಿ ಶಾಸ್ತ್ರಿಗಳು ತೀರಿಕೊಂಡರು. ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ನಾಗರಿ ಲಿಪಿಯ ಪ್ರತಿಯ ಜೊತೆಗೆ ಕನ್ನಡ ಲಿಪಿಯ ಪ್ರತಿಯೊಂದೂ ಸಿದ್ಧವಾಗತೊಡಗಿತು. ಧವಳ ಮತ್ತು ಜಯಧವಳಗಳು ಮುಗಿದ ಬಳಿಕ ಮಹಾಬಂಧದ ಸರದಿ ಬಂತು. ಅದರ ನಾಗರಿ ಪ್ರತಿಯನ್ನು ಲೋಕನಾಥ ಶಾಸ್ತ್ರಿಗಳು ಮಾಡಿದರು. ಎಲ್ಲವೂ ಮುಗಿದಾಗ 1922. ಇಪ್ಪತ್ತಾರು ವರ್ಷಗಳು ಬರಿಯ ನಕಲಿಗೇ ಸಂದಿದ್ದವು. ಮುದ್ರಣದ ಮಾತು ಇನ್ನೂ ದೂರವಿತ್ತು, ಏಕೆಂದರೆ ಈ ಪ್ರತಿಗಳೂ ಮೂಡಬಿದಿರೆಯಿಂದ ಹೊರಗೆ ಹೋಗುವಂತಿರಲಿಲ್ಲ.

ಆಡಳಿತದವರ ನಿಲುವನ್ನು ಇಂದಿನ ವಾಚಕರು ಅವಸರದಿಂದ ಹಳಿಯಬಾರದು. ಶತಮಾನಗಳ ಕಾಲ ಆ ಗರಿಗಳನ್ನು ಮಳೆನಾಡಿನ ತೇವದಿಂದಲೂ ಹುಳುವಿನಿಂದಲೂ ಕಾಪಾಡಿದವರು ಅವರೇ. ಜೊತೆಗೆ ಶಾಸ್ತ್ರಗಳನ್ನು ಅಚ್ಚುಹಾಕಿಸುವುದು ಅವಿನಯವೆಂಬ ಭಾವನೆ ಆ ಕಾಲದ ಜೈನ ಸಮಾಜದಲ್ಲಿ ಪ್ರಬಲವಾಗಿತ್ತು. ಮಸಿಯಲ್ಲಿ, ಯಂತ್ರದ ಭಾಗಗಳಲ್ಲಿ ಪ್ರಾಣಿಜನ್ಯ ವಸ್ತುಗಳಿರಬಹುದೆಂಬ ಶಂಕೆಯೂ, ಅಚ್ಚಾದ ಹಾಳೆ ಕಂಡಕಂಡಲ್ಲಿ ಬಿದ್ದು ಅಪಚಾರವಾದೀತೆಂಬ ಅಳುಕೂ ಅದಕ್ಕೆ ಕಾರಣ. ಸಿದ್ಧಾಂತಗ್ರಂಥಗಳ ವಿಷಯದಲ್ಲಂತೂ ಗೃಹಸ್ಥರಿಗೆ ಅವನ್ನು ಓದುವ ಅಧಿಕಾರವುಂಟೇ ಎಂಬ ಪ್ರಶ್ನೆಯೇ ಚರ್ಚೆಯಲ್ಲಿತ್ತು.

ಐದನೆಯ ಕೈಯ ಪ್ರತಿ

ಹೀಗಿರುವಾಗ ಗ್ರಂಥ ಹೊರಗೆ ಬಂದದ್ದು ಇನ್ನೊಂದು ದಾರಿಯಿಂದ. ಗಜಪತಿ ಉಪಾಧ್ಯಾಯರು ಮೂಡಬಿದಿರೆಯಲ್ಲಿ ಪ್ರತಿಮಾಡುತ್ತಿದ್ದಾಗಲೇ, ಅವರ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧವಾಯಿತು. ಅದು ಉತ್ತರಭಾರತದ ಸಹಾರನಪುರಕ್ಕೆ ಹೋಗಿ ಅಲ್ಲಿಯ ಲಾಲಾ ಜಂಬೂಪ್ರಸಾದ್ ಅವರ ಸ್ವಾಧೀನಕ್ಕೆ ಬಂತು. ಕನ್ನಡ ಲಿಪಿಯನ್ನು ಅಲ್ಲಿ ಯಾರೂ ಓದಲಾರರು. ಕನ್ನಡ ಬಲ್ಲ ವಿಜಯಚಂದ್ರಯ್ಯನವರ ನೆರವಿನಿಂದ ಪಂಡಿತ ಸೀತಾರಾಮ ಶಾಸ್ತ್ರಿಗಳು ಅದನ್ನು ನಾಗರಿಗೆ ಇಳಿಸಿದರು. ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಅಮರಾವತಿ ಮೊದಲಾದ ಕಡೆಗಳಿಗೆ ಪ್ರತಿಗಳು ಹಬ್ಬಿದವು.

ಸೀತಾರಾಮ ಶಾಸ್ತ್ರಿಗಳ ಪ್ರತಿಯಿಂದ ಇಳಿದ ಒಂದು ಪ್ರತಿಯ ಪೀಳಿಗೆಯನ್ನು ಎಣಿಸಿದರೆ ಓಲೆಗರಿ ಮೊದಲನೆಯದು, ಗುಟ್ಟಿನ ಕನ್ನಡ ಪ್ರತಿ ಎರಡನೆಯದು, ಸಹಾರನಪುರದ ನಾಗರಿ ಪ್ರತಿ ಮೂರನೆಯದು, ಸೀತಾರಾಮ ಶಾಸ್ತ್ರಿಗಳ ಸ್ವಂತ ಪ್ರತಿ ನಾಲ್ಕನೆಯದು. ಮುದ್ರಣಕ್ಕೆ ದೊರೆಯುವಂಥದು ಐದನೆಯದು. ಹಳಗನ್ನಡ ಲಿಪಿಯಿಂದ ಹೊಸಗನ್ನಡ ಲಿಪಿಗೆ, ಕನ್ನಡದಿಂದ ನಾಗರಿಗೆ ಎಂದು ಎರಡು ಬಾರಿ ಲಿಪಿ ಬದಲಾಗಿತ್ತು. ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ ಎಂಬ ದಾಟುವಿಕೆಯೂ ನಡುವೆ ನಡೆದಿತ್ತು. ಒಂದೊಂದು ಹಂತದಲ್ಲೂ ಮೂಲಕ್ಕೆ ಹಿಂದಿರುಗಿ ತಾಳೆ ನೋಡುವ ಅವಕಾಶವಿರಲಿಲ್ಲ. ಗುಟ್ಟಿನ ಕೆಲಸ ನೈತಿಕವಾಗಿ ಸರಿಯೇ ಎಂಬ ಪ್ರಶ್ನೆಯನ್ನು ಹಾಗೇ ಬಿಟ್ಟರೂ ಗ್ರಂಥಸಂಪಾದನೆಯ ದೃಷ್ಟಿಯಿಂದ ಅದು ಸಾಲದ ಕೆಲಸವಾಗಿತ್ತು. ಸಾಲ ಯಾವಾಗಲಾದರೂ ತೀರಿಸಬೇಕಾದದ್ದೇ.

ಅಮರಾವತಿಯ ಯೋಜನೆ

ಅಮರಾವತಿಯ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ್ ಜೈನ್ ಅವರು 1930ರ ದಶಕದ ಆದಿಯಲ್ಲಿ ಕಾರಂಜಾದ ಭಂಡಾರಗಳಲ್ಲಿದ್ದ ಅಪಭ್ರಂಶ ಕಾವ್ಯಗಳನ್ನು ಸಂಪಾದಿಸಿ ಹೆಸರಾಗಿದ್ದರು. ಭೇಲಸಾದ, ಎಂದರೆ ಇಂದಿನ ವಿದಿಶಾದ, ಸೇಠ್ ಲಕ್ಷ್ಮೀಚಂದ್ರರು ಕೊಟ್ಟ ದತ್ತಿಯಿಂದ ‘ಜೈನ ಸಾಹಿತ್ಯೋದ್ಧಾರಕ ಫಂಡ್’ ಸ್ಥಾಪಿತವಾಯಿತು. ಅದರ ಆಶ್ರಯದಲ್ಲಿ ಧವಳವನ್ನು ಪ್ರಕಟಿಸುವ ಹೊಣೆ ಹೀರಾಲಾಲರ ಪಾಲಿಗೆ ಬಂತು. ಪಂಡಿತ ಫೂಲಚಂದ್ರ ಸಿದ್ಧಾಂತಶಾಸ್ತ್ರಿ, ಪಂಡಿತ ಬಾಲಚಂದ್ರ ಸಿದ್ಧಾಂತಶಾಸ್ತ್ರಿ ಮುಂತಾದವರು ಕೆಲಸದಲ್ಲಿ ಪಾಲುಗೊಂಡರು. ಬೆಳಗಾವಿ ಸೀಮೆಯ ಸದಲಗದಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಅಧ್ಯಾಪಕರಾಗಿದ್ದ ಡಾ. ಆ. ನೇ. ಉಪಾಧ್ಯೆಯವರ ಸಹಕಾರವೂ ದೊರೆಯಿತು.

ಅಂದು ಜೈನ ಗ್ರಂಥಪ್ರಕಾಶನಕ್ಕೆ ಒಂದು ಮಾದರಿ ಕಣ್ಣೆದುರಿಗಿತ್ತು. ಮಾಣಿಕಚಂದರ ನೆನಪಿಗಾಗಿ ನಾಥೂರಾಮ ಪ್ರೇಮಿಯವರು ಮುಂಬಯಿಯಿಂದ ನಡೆಸುತ್ತಿದ್ದ ಗ್ರಂಥಮಾಲೆಯಲ್ಲಿ ಸಂಸ್ಕೃತ ಪ್ರಾಕೃತ ಕೃತಿಗಳನ್ನು ತಗುಲಿದ ವೆಚ್ಚದ ಬೆಲೆಗೇ ಮಾರಲಾಗುತ್ತಿತ್ತು. ಹಾಕಿದ ಬಂಡವಾಳ ಮರಳಿ ಬಂದರೆ ಮುಂದಿನ ಪುಸ್ತಕ, ಇಲ್ಲವಾದರೆ ಹೊಸ ದಾನಿಯ ನಿರೀಕ್ಷೆ. ಸಣ್ಣ ಕೃತಿಗಳಿಗೆ ಈ ಮಾದರಿ ಒಗ್ಗುತ್ತದೆ. ಆದರೆ ಧವಳದಂಥ ಗ್ರಂಥಕ್ಕೆ ಮೊದಲ ಪುಟ ಅಚ್ಚಾದಂದಿನಿಂದ ಕೊನೆಯ ಪುಟದವರೆಗೆ ದಶಕಗಳೇ ಬೇಕು. ಅಷ್ಟು ಕಾಲ ಪಂಡಿತರ ಸಂಬಳ ತಿಂಗಳು ತಿಂಗಳು ಸಲ್ಲಬೇಕು. ಆದಕಾರಣ ಸಂಪುಟ ಸಂಪುಟವಾಗಿ ಹೊರತರುವುದು ಅನಿವಾರ್ಯವಾಯಿತು. ಮೊದಲ ಸಂಪುಟ 1939ರಲ್ಲಿ ಪ್ರಕಟವಾಯಿತು.

ಆ ಕಾಲದ ಅಚ್ಚಿನ ಕೆಲಸದ ಸ್ವರೂಪವನ್ನು ಇಲ್ಲಿ ನೆನೆಯಬೇಕು. ಪ್ರತಿಯೊಂದು ಅಕ್ಷರದ ಸೀಸದ ಮೊಳೆಯನ್ನೂ ಕೈಯಿಂದಲೇ ಆರಿಸಿ ಜೋಡಿಸಬೇಕು. ಒತ್ತಕ್ಷರ, ಅನುಸ್ವಾರ, ಮಾತ್ರೆಗಳು ಸೇರಿದಾಗ ಒಂದು ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಮೊಳೆಗಳು ಬೇಕಾಗುವುದುಂಟು. ಸಣ್ಣ ಮುದ್ರಣಾಲಯದಲ್ಲಿ ಒಂದೆರಡು ಫಾರಮುಗಳಿಗಾಗುವಷ್ಟು ಮೊಳೆಗಳಿದ್ದರೆ ಅದೇ ಹೆಚ್ಚು. ಒಂದು ಫಾರಮು ಅಚ್ಚಾದ ಕೂಡಲೇ ಮೊಳೆಗಳನ್ನು ಬಿಚ್ಚಿ ಮತ್ತೆ ಖಾನೆಗಳಿಗೆ ಹಂಚಿದರೆ ಮಾತ್ರ ಮುಂದಿನ ಪುಟಗಳ ಜೋಡಣೆ ಸಾಧ್ಯ. ಇದರಿಂದ ಎರಡು ಪರಿಣಾಮಗಳುಂಟು. ಎಷ್ಟು ಪ್ರತಿಗಳು ಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕು, ಏಕೆಂದರೆ ಆಮೇಲೆ ನೂರು ಪ್ರತಿ ಹೆಚ್ಚಿಗೆ ಬೇಕಾದರೂ ಮೊದಲಿನಿಂದ ಜೋಡಿಸಬೇಕು. ಎರಡನೆಯದಾಗಿ, ತಪ್ಪನ್ನು ತಿದ್ದುವ ವೆಚ್ಚ ಹಂತದಿಂದ ಹಂತಕ್ಕೆ ಏರುತ್ತದೆ. ಹಸ್ತಪ್ರತಿಯಲ್ಲಿ ತಿದ್ದಲು ಲೇಖನಿಯ ಒಂದು ಗೆರೆ ಸಾಕು. ಕರಡಿನಲ್ಲಿ ತಿದ್ದಲು ಮೊಳೆ ಕೀಳಬೇಕು. ಅಚ್ಚಾದ ಮೇಲೆ ಉಳಿಯುವುದು ಶುದ್ಧಿಪತ್ರವೊಂದೇ, ಅದನ್ನು ಓದುವವರು ಕಡಮೆ.

ಇನ್ನೊಂದು ನಿರ್ಣಯ ಅನುವಾದಕ್ಕೆ ಸಂಬಂಧಿಸಿದ್ದು. ಮೂಲವನ್ನು ಮಾತ್ರ ಅಚ್ಚುಹಾಕಿದ್ದರೆ ಕಾಗದವೂ ಕೂಲಿಯೂ ಬಹಳಷ್ಟು ಉಳಿಯುತ್ತಿತ್ತು. ಆದರೆ ಪ್ರಾಕೃತ ಸಂಸ್ಕೃತಗಳು ಬೆರೆತ ಕರ್ಮಸಿದ್ಧಾಂತದ ಗದ್ಯವನ್ನು ಮೂಲದಲ್ಲೇ ಓದಬಲ್ಲವರು ಎಷ್ಟು ಜನ? ಸಂಪಾದಕರು ಮೂಲದ ಜೊತೆಗೆ ಹಿಂದಿ ಅನುವಾದವನ್ನೂ ಅದೇ ಪುಟಗಳಲ್ಲಿ ಕೊಟ್ಟರು. ಇದರಿಂದ ಖರ್ಚು ಹೆಚ್ಚಿತು. ಆದರೆ ಗ್ರಂಥ ಭಂಡಾರದಿಂದ ಭಂಡಾರಕ್ಕೆ ಸ್ಥಳಾಂತರವಾಗದೆ ಓದುಗರ ಕೈಗೆ ಬಂತು. ಪುಟ ಕಡಮೆ ಮಾಡಿ ಹಣ ಉಳಿಸುವುದಕ್ಕಿಂತ ಓದುಗರನ್ನು ಹೆಚ್ಚಿಸಿ ಮುಂದಿನ ಸಂಪುಟಕ್ಕೆ ದಾರಿಮಾಡುವುದು ವಿವೇಕವೆಂದು ಅವರು ತಿಳಿದಿದ್ದರು.

ಮೊದಲ ಸಂಪುಟ ಹೊರಬಂದ ವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಕಾಗದದ ಆಮದು ಕುಗ್ಗಿ ಬೆಲೆ ಏರಿತು. ಯುದ್ಧ ಮುಂದುವರಿದಂತೆ ಕಾಗದದ ಬಳಕೆಯ ಮೇಲೆ ಸರ್ಕಾರದ ನಿಯಂತ್ರಣವೂ ಬಂತು. ಅಂಥ ದಿನಗಳಲ್ಲಿಯೂ 1943ರೊಳಗೆ ಆರು ಸಂಪುಟಗಳು, 1949ರ ಹೊತ್ತಿಗೆ ಒಂಬತ್ತು ಸಂಪುಟಗಳು ಬಂದವು. ಅಲ್ಲಿಂದ ಮುಂದೆ ಕೆಲವು ವರ್ಷಗಳ ಬಿಡುವು ಬಿತ್ತು. ಉಳಿದ ಏಳು ಸಂಪುಟಗಳು 1950ರ ದಶಕದಲ್ಲಿ ಮುಗಿದು ಹದಿನಾರು ಸಂಪುಟಗಳ ಧವಳ ಪೂರ್ಣವಾಯಿತು. ವೀರಸೇನರ ಗ್ರಂಥವನ್ನು ಅಚ್ಚಿಗೆ ತರಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದವು.

‘ಸಂಜದ’ ಎಂಬ ಒಂದು ಪದ

ಇಷ್ಟೆಲ್ಲ ಶ್ರಮದ ನಡುವೆ, ಮೊದಲ ಸಂಪುಟದಲ್ಲಿಯೇ, ಹಿಂದಿನ ಸಾಲ ಎದುರಿಗೆ ಬಂದು ನಿಂತಿತು. ಸತ್ಪ್ರರೂಪಣೆಯ 93ನೆಯ ಸೂತ್ರ ‘ಮನುಷ್ಯಿನಿ’ಯರಿಗೆ ಯಾವ ಗುಣಸ್ಥಾನಗಳು ಪರ್ಯಾಪ್ತಾವಸ್ಥೆಯಲ್ಲಿ ಮಾತ್ರ ಇರುತ್ತವೆ ಎಂಬುದನ್ನು ಹೇಳುತ್ತದೆ. ದೊರೆತ ಪ್ರತಿಗಳಲ್ಲಿ ಆ ಪಟ್ಟಿ ಸಂಯತಾಸಂಯತ ಸ್ಥಾನಕ್ಕೆ, ಎಂದರೆ ಐದನೆಯ ಗುಣಸ್ಥಾನಕ್ಕೆ, ನಿಂತಿತ್ತು. ಆದರೆ ಅದರ ಕೆಳಗಿನ ವೀರಸೇನರ ವ್ಯಾಖ್ಯಾನ ಹದಿನಾಲ್ಕು ಗುಣಸ್ಥಾನಗಳ ಮಾತನ್ನೆತ್ತಿ, ಅದು ಭಾವಸ್ತ್ರೀಯನ್ನು ಕುರಿತದ್ದೆಂದು ಸಮಾಧಾನ ಹೇಳುತ್ತದೆ. ಸೂತ್ರದಲ್ಲಿಲ್ಲದ ಸಂಗತಿಗೆ ವ್ಯಾಖ್ಯಾನಕಾರರು ಸಮಾಧಾನವನ್ನು ಏಕೆ ಹೇಳುತ್ತಾರೆ? ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪದವೊಂದು ಇದ್ದಿರಬೇಕು, ಪ್ರತಿಕಾರರ ಕೈಯಲ್ಲಿ ಅದು ಬಿಟ್ಟುಹೋಗಿರಬೇಕು ಎಂದು ಸಂಪಾದಕರು ಊಹಿಸಿದರು. ಅವರು ಅದನ್ನು ಮೂಲದೊಳಗೆ ಸೇರಿಸುವ ಸ್ವಾತಂತ್ರ್ಯವನ್ನು ವಹಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಮೂರು ಅಕ್ಷರಗಳ ಈ ಪದ ಎಬ್ಬಿಸಿದ ಚರ್ಚೆ ಸಣ್ಣದಲ್ಲ. ಸ್ತ್ರೀಯರಿಗೆ ಮಹಾವ್ರತದ ಸ್ಥಾನವುಂಟೇ, ತದ್ಭವದಲ್ಲಿ ಮೋಕ್ಷವುಂಟೇ ಎಂಬುದು ದಿಗಂಬರ ಶ್ವೇತಾಂಬರ ಪರಂಪರೆಗಳ ನಡುವಿನ ಪ್ರಾಚೀನ ವಿವಾದ. ದಿಗಂಬರರಿಗೆ ಪರಮಪ್ರಮಾಣವಾದ ಗ್ರಂಥದ ಸೂತ್ರದಲ್ಲಿ ಆ ಪದ ಇದೆಯೇ ಇಲ್ಲವೇ ಎಂಬುದು ವ್ಯಾಕರಣದ ಪ್ರಶ್ನೆಯಾಗಿ ಉಳಿಯಲಿಲ್ಲ. ಪದ ಇರಬೇಕೆಂದವರು, ಇರಕೂಡದೆಂದವರು ಎಂದು ವಿದ್ವಾಂಸರು ಎರಡಾದರು. ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಈ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸುವ ಕಾರ್ಯ ನಡೆದಾಗ, ತಾಮ್ರದ ಮೇಲೆ ಆ ಪದವನ್ನು ಕೊರೆಯಬೇಕೇ ಬೇಡವೇ ಎಂಬ ಪ್ರಶ್ನೆಯೂ ಎದ್ದಿತು.

ಪ್ರಶ್ನೆ ಬಗೆಹರಿದದ್ದು ತರ್ಕದಿಂದಲ್ಲ. ಮೊದಲ ಸಂಪುಟಗಳು ಹೊರಬಂದು, ಅವುಗಳ ಸಂಪಾದನೆಯ ವಿನಯವನ್ನೂ ಶ್ರದ್ಧೆಯನ್ನೂ ಕಂಡ ಮೇಲೆ, ಮೂಡಬಿದಿರೆಯ ಭಟ್ಟಾರಕರೂ ಬಸದಿಯ ಹಿರಿಯರೂ ಮೂಲ ಓಲೆಗರಿಗಳೊಡನೆ ತಾಳೆ ನೋಡಲು ಸಮ್ಮತಿಸಿದರು. ಲೋಕನಾಥ ಶಾಸ್ತ್ರಿಗಳು ಮತ್ತು ಅವರ ಸಂಗಡಿಗರು ಆ ಕೆಲಸಕ್ಕೆ ತೊಡಗಿದರು. ಮುಂದಿನ ಸಂಪುಟಗಳಿಗೆ ಮೂಡಬಿದಿರೆಯ ಪಾಠಗಳ ನೆರವು ದೊರೆಯಿತು. 93ನೆಯ ಸೂತ್ರದ ಗರಿಯನ್ನು ನೋಡಿದಾಗ ಅಲ್ಲಿ ‘ಸಂಜದ’ ಇತ್ತು. ದೇಮಿಯಕ್ಕನ ಕಾಲದಲ್ಲಿ ಬರೆದ ಲಿಪಿಕಾರ ಅದನ್ನು ಬಿಟ್ಟಿರಲಿಲ್ಲ. ನಂತರದ ಕೈಗಳಲ್ಲಿ ಎಲ್ಲಿಯೋ ಅದು ಜಾರಿತ್ತು. ಸಂಪಾದಕರ ಊಹೆ ಸರಿಯಾಗಿತ್ತು. ಆದರೆ ಆ ವೇಳೆಗೆ ಪದವಿಲ್ಲದ ಪುಟ ಅಚ್ಚಾಗಿ ದೇಶದ ತುಂಬ ಹರಡಿತ್ತು. ಊಹೆ ಮತ್ತು ಗರಿಯ ನಡುವಿನ ಅಂತರದಲ್ಲಿ ಎಷ್ಟೋ ಲೇಖನಗಳು, ಪ್ರತಿಲೇಖನಗಳು, ಸಭೆಗಳು, ಮನಸ್ತಾಪಗಳು ನಡೆದುಹೋಗಿದ್ದವು.

ಈ ಪ್ರಸಂಗದಲ್ಲಿ ದೋಷವನ್ನು ಒಬ್ಬರ ಮೇಲೆ ಹೊರಿಸಲಾಗದು. ಅನುಮತಿ ದೊರೆಯುವವರೆಗೆ ಕಾಯುತ್ತೇವೆಂದು ಸಂಪಾದಕರು ಕುಳಿತಿದ್ದರೆ ಮೊದಲ ಸಂಪುಟವೇ ಬರುತ್ತಿರಲಿಲ್ಲ. ಮೊದಲ ಸಂಪುಟ ಬಾರದೆ ಅನುಮತಿಯೂ ಬರುತ್ತಿರಲಿಲ್ಲ. ಪದವನ್ನು ಸೇರಿಸದೆ, ಮುಚ್ಚಿಡದೆ, ಅಡಿಟಿಪ್ಪಣಿಯಲ್ಲಿ ಇಟ್ಟ ಸಂಪಾದಕರ ಸಂಯಮ ಗ್ರಂಥಸಂಪಾದನಾ ಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠವಾಗಬಲ್ಲದು. ಆದರೂ ಲೆಕ್ಕದ ದೃಷ್ಟಿಯಿಂದ ಒಂದು ಮಾತು ಉಳಿಯುತ್ತದೆ. ಧವಳದ ಒಟ್ಟು ವೆಚ್ಚದಲ್ಲಿ ಆ ಒಂದು ಗರಿಯನ್ನು ಓದುವುದಕ್ಕೆ ತಗುಲುವ ಹಣ ಏನೂ ಅಲ್ಲ. ಎಲ್ಲಕ್ಕಿಂತ ಅಗ್ಗವಾದ ಆ ಕೆಲಸವೇ ಎಲ್ಲಕ್ಕಿಂತ ಕೊನೆಗೆ ನಡೆಯಿತು. ಅದಕ್ಕೆ ಬೇಕಾದದ್ದು ಹಣವಲ್ಲ; ಗ್ರಂಥವನ್ನು ಕಾಯುವವರಿಗೂ ಓದುವವರಿಗೂ ನಡುವಿನ ನಂ‌ಬಿಕೆ.

ಮೂರು ನಿಧಿಗಳು, ಮೂರು ಕಾಲಮಾನಗಳು

ಉಳಿದೆರಡು ಗ್ರಂಥಗಳ ಮುದ್ರಣವನ್ನೂ ಜೊತೆಗಿಟ್ಟು ನೋಡಿದರೆ ಹೋಲಿಕೆಗೆ ಅನುಕೂಲ. ಜಯಧವಳವನ್ನು ಮಥುರೆಯ ಭಾರತವರ್ಷೀಯ ದಿಗಂಬರ ಜೈನ ಸಂಘ 1944ರಲ್ಲಿ ಆರಂಭಿಸಿತು. ಹದಿನಾರನೆಯ ಸಂಪುಟ ಬಂದದ್ದು 1988ರಲ್ಲಿ. ಮಹಾಬಂಧವನ್ನು ಸಾಹು ಶಾಂತಿಪ್ರಸಾದ ಜೈನರು 1944ರಲ್ಲಿ ಸ್ಥಾಪಿಸಿದ ಭಾರತೀಯ ಜ್ಞಾನಪೀಠ ಕೈಗೆತ್ತಿಕೊಂಡು 1947ರಿಂದ 1958ರವರೆಗೆ ಏಳು ಸಂಪುಟಗಳಲ್ಲಿ ಮುಗಿಸಿತು. ಒಬ್ಬ ದಾನಿಯ ಹೆಸರಿನ ನಿಧಿ ಇಪ್ಪತ್ತು ವರ್ಷಗಳಲ್ಲಿ, ಸಮಾಜದ ಸಂಘ ನಲವತ್ತನಾಲ್ಕು ವರ್ಷಗಳಲ್ಲಿ, ಉದ್ಯಮಿಯ ಬೆಂಬಲವುಳ್ಳ ಸಂಸ್ಥೆ ಹನ್ನೊಂದು ವರ್ಷಗಳಲ್ಲಿ ತಮ್ಮ ತಮ್ಮ ಪಾಲಿನ ಕೆಲಸವನ್ನು ಪೂರೈಸಿದವು. ಗ್ರಂಥಗಳ ಗಾತ್ರ ಬೇರೆ ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಹಣದ ಹರಿವು ಸ್ಥಿರವಾಗಿದ್ದಲ್ಲಿ ಕೆಲಸ ಬೇಗ ಮುಗಿದಂತೆ ಕಾಣುತ್ತದೆ. ಸಂಘದ ಕೆಲಸ ತಡವಾದರೂ ನಿಲ್ಲಲಿಲ್ಲವೆಂಬುದೂ ಅಷ್ಟೇ ಗಮನಾರ್ಹ.

ಈ ಮೂರು ಯೋಜನೆಗಳಲ್ಲೂ ಸಮಾನವಾಗಿದ್ದದ್ದು ಪಂಡಿತರು. ಫೂಲಚಂದ್ರ ಸಿದ್ಧಾಂತಶಾಸ್ತ್ರಿಗಳು ಧವಳದಲ್ಲೂ ಜಯಧವಳದಲ್ಲೂ ಮಹಾಬಂಧದಲ್ಲೂ ದುಡಿದವರು. ನಿಧಿಗಳು ಮೂರಾದರೂ ಆ ಶಾಸ್ತ್ರವನ್ನು ಬಲ್ಲ ಕೈಗಳು ಬೆರಳೆಣಿಕೆಯಷ್ಟೇ ಇದ್ದವು. ಕಾಗದವನ್ನು ಹೆಚ್ಚಿನ ಬೆಲೆ ಕೊಟ್ಟಾದರೂ ಕೊಳ್ಳಬಹುದು. ಇಂಥ ವಿದ್ವಾಂಸನೊಬ್ಬನನ್ನು ಅವಸರಕ್ಕೆ ಸಿದ್ಧಪಡಿಸಲಾಗದು.

ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆ 1970ರ ದಶಕದಿಂದ ಧವಳದ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿತು. ಹೀರಾಚಂದ್ ನೇಮಚಂದರ ಊರಿಗೇ ಗ್ರಂಥ ಈ ರೀತಿ ಮರಳಿತು. ಈಚಿನ ದಶಕಗಳಲ್ಲಿ ಶ್ರವಣಬೆಳಗೊಳದ ಪ್ರಾಕೃತ ಸಂಶೋಧನ ಸಂಸ್ಥೆಯ ಮೂಲಕ ಧವಳ ಕನ್ನಡ ಅನುವಾದದಲ್ಲಿಯೂ ಬರುತ್ತಿದೆ. ಕನ್ನಡ ನಾಡಿನಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದ ಗ್ರಂಥ ನಾಗರಿಯಲ್ಲಿ ಅಚ್ಚಾಗಿ, ಹಿಂದಿಯಲ್ಲಿ ಅರ್ಥವಾಗಿ, ಕೊನೆಗೆ ಕನ್ನಡಕ್ಕೆ ಬರಲು ಒಂದು ಶತಮಾನ ಹಿಡಿಯಿತು.

ಇಂದು ಹಸ್ತಪ್ರತಿಯೊಂದನ್ನು ಪ್ರಕಟಿಸಲು ಯೋಜನೆ ಹಾಕುವ ಸಂಸ್ಥೆಗಳ ಅಂದಾಜುಪಟ್ಟಿಯಲ್ಲಿ ಅಕ್ಷರಜೋಡಣೆ, ಕಾಗದ, ಮುದ್ರಣ, ರಟ್ಟು, ಸಾಗಣೆ, ಬಿಡುಗಡೆಯ ಸಮಾರಂಭ ಎಲ್ಲಕ್ಕೂ ಸಾಲುಗಳಿರುತ್ತವೆ. ಇನ್ನೊಂದು ಊರಿನ ಭಂಡಾರಕ್ಕೆ ಹೋಗಿ, ಅಲ್ಲಿ ಉಳಿದು, ಮೂಲದೊಡನೆ ಪಾಠವನ್ನು ತಾಳೆ ನೋಡುವ ದಿನಗಳಿಗೆ ಮೀಸಲಾದ ಸಾಲು ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಇದ್ದರೂ ಹಣ ಸಾಲದೆ ಬಂದಾಗ ಮೊದಲು ಹೊಡೆದುಹಾಕುವುದು ಅದನ್ನೇ. ಗ್ರಂಥಪ್ರಮಾಣವನ್ನು ಎಣಿಸಿ ಸಂಭಾವನೆ ಕೊಡುತ್ತಿದ್ದ ಕಾಲದಲ್ಲಿ ಎಣಿಕೆ ತಪ್ಪಿದರೆ ಪಾಠ ತಪ್ಪಿದೆಯೆಂದು ತಿಳಿಯುತ್ತಿತ್ತು. ಪುಟವೆಣಿಸಿ ಹಣ ಕೊಡುವ ಕಾಲದಲ್ಲಿ, ಇಪ್ಪತ್ಮೂರು ಲಕ್ಷ ಅಕ್ಷರಗಳಲ್ಲಿ ಮೂರು ಅಕ್ಷರಗಳು ಕಾಣೆಯಾದರೂ ಲೆಕ್ಕ ಸರಿಯಾಗಿಯೇ ಇರುತ್ತದೆ.